ಗುಲಾಬಿಯೂ ಡಾಮರೂ

ಕತಾರಿನಿಂದ ಬಂದ ಮೇಲೆ ಸಿಕ್ಕಸಿಕ್ಕವರೆಲ್ಲ ಚಿನ್ನ ತಂದೆಯಾ, ಖರ್ಜೂರ ತಂದೆಯಾ ಎಂದು ಕೇಳಿದರು. ಹತ್ತು ದಿನ ತಮ್ಮನ ಮನೆಯಲ್ಲಿ ಕೂತು ಬಂದವಳ ಹತ್ತಿರ ಎಂತ ಚಿನ್ನ ಇರುತ್ತದೆ? ತಂದದ್ದು ಎರಡು ಪೊಟ್ಟಣ ಖರ್ಜೂರ, ಮಮ್ಮಿಯ ಮಂಡಿಗೆ ಒಂದು ಮುಲಾಮು, ಮತ್ತೆ ಇನ್ನೊಂದು ಸಂಗತಿ. ಆ ಇನ್ನೊಂದನ್ನು ಚೀಲ ಬಿಚ್ಚಿ ತೋರಿಸಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ಉಪ್ಪಿನಕಾಯಿ ಮಾಡಿ ಮಾರುವವಳು. ನನ್ನ ಬಂಡವಾಳ ಮೂಗು. ಭರಣಿಯ ಮುಚ್ಚಳ ಅರ್ಧ ಸರಿಸಿದರೆ ಸಾಕು, ಉಪ್ಪು ಎಷ್ಟು, ಮಾವು ಯಾವತ್ತು ಕೊಯ್ದದ್ದು ಎಂದು ಹೇಳಬಲ್ಲೆ. ಈ ಮೂಗನ್ನು ಪಳಗಿಸಿದವರು ಪಪ್ಪ. ನವೆಂಬರ್ ಬಂತೆಂದರೆ ಪಪ್ಪ ಕ್ರಿಸ್ಮಸ್ ವೈನಿಗೆಂದು ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಎಲ್ಲ ಭರಣಿಗೆ ಹಾಕಿ, ಅದರ ಬಾಯಿಗೆ ತಾನು ಉಟ್ಟು ಹಳತಾದ ಮುಂಡಿನ ತುಂಡು ಕಟ್ಟಿ, ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಇಡುತ್ತಿದ್ದರು. ಪ್ರತಿ ಭಾನುವಾರ ಇಗರ್ಜಿಯಿಂದ ಬಂದವರೇ ನನ್ನನ್ನೂ ತಮ್ಮ ರೋಶನನನ್ನೂ ಅಲ್ಲಿ ಕುಕ್ಕರಗಾಲಲ್ಲಿ ಕೂರಿಸಿ ಆ ಬಟ್ಟೆಯನ್ನು ಮೂಸಿಸುತ್ತಿದ್ದರು. ಬಟ್ಟೆಯನ್ನು ಮಾತ್ರ, ವೈನನ್ನು ಮುಟ್ಟಲು ಬಿಡುತ್ತಿರಲಿಲ್ಲ. ಒಣಗದ ಬಟ್ಟೆಯ ಮುಗ್ಗಲು ವಾಸನೆ ಬಂದರೆ ಒಳಗೆ ಎಲ್ಲ ಸರಿ ಉಂಟು. ಮೂಗಿಗೆ ಹುಳಿ ಚುಚ್ಚಿದರೆ ವಿನೆಗರ್ ಆಯಿತು, ಹಂದಿಮಾಂಸಕ್ಕೆ ಹಾಕುವುದೇ ಗತಿ. ನಮ್ಮ ಮನೆಯ ವಿದ್ಯೆ ಇಷ್ಟು. ಇದನ್ನೇ ನಂಬಿಕೊಂಡು ರೋಶನ್ ಹೋಟೆಲ್ ಕೋರ್ಸು ಮಾಡಿದ, ದೋಹಾದ ಒಂದು ದೊಡ್ಡ ಹೋಟೆಲಿನಲ್ಲಿ ವೈನ್ ಆರಿಸಿ ಬಡಿಸುವ ಕೆಲಸಕ್ಕೆ ಸೇರಿದ.

ಪಪ್ಪ ತೀರಿಕೊಂಡದ್ದು ವಿಮಾನಗಳು ನಿಂತುಹೋಗಿದ್ದ ಕೊರೊನಾ ಕಾಲದಲ್ಲಿ. ರೋಶನನಿಗೂ ಅದೇ ಜ್ವರ ಬಂದು ಅಲ್ಲಿ ಕೋಣೆಯಲ್ಲಿ ಬೀಗ ಹಾಕಿಕೊಂಡಿದ್ದ. ಮಣ್ಣು ಕೊಡುವುದನ್ನು ಮೊಬೈಲಿನಲ್ಲಿ ನೋಡಲು ಕೂತನಂತೆ, ಅರ್ಧಕ್ಕೇ ನೆಟ್‌ವರ್ಕ್ ಹೋಯಿತಂತೆ. ಆಮೇಲೆ ಆ ದಿನದ ಬಗ್ಗೆ ಅವನು ಒಂದು ಮಾತು ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೀಗಿರುವಾಗ ಕಳೆದ ಏಪ್ರಿಲಿನಲ್ಲಿ ಇದ್ದಕ್ಕಿದ್ದ ಹಾಗೆ ನನಗೆ ಟಿಕೆಟ್ ಕಳಿಸಿದ. ತಮ್ಮನಿಗೆ ಕೊನೆಗೂ ಅಕ್ಕನ ನೆನಪಾಯಿತಲ್ಲ ಎಂದು ನಾನು ಕುಣಿದದ್ದೇ ಕುಣಿದದ್ದು.

ಅಲ್ ವಕ್ರಾ

ಇಳಿದ ದಿನ ಆಕಾಶವೇ ಇರಲಿಲ್ಲ. ಧೂಳು ಎದ್ದು ಮೇಲೂ ಕೆಳಗೂ ಒಂದೇ ಬಣ್ಣ, ಕುದಿಸಿ ತಣ್ಣಗಾದ ಹಾಲಿನದು. ವಿಮಾನ ನಿಲ್ದಾಣದಲ್ಲಿ ಅಷ್ಟು ಜನ, ಒಬ್ಬರ ಚಪ್ಪಲಿಯ ಶಬ್ದವೂ ಕೇಳುವುದಿಲ್ಲ. ಹೊರಗೆ ಬರುವಾಗಲೇ ಗೊತ್ತಾಯಿತು, ನನ್ನ ಸೂಟ್‌ಕೇಸಿನೊಳಗೆ ಸಿಗಡಿ ಉಪ್ಪಿನಕಾಯಿಯ ಬಾಟಲಿ ಒಡೆದುಹೋಗಿದೆ. ಎಣ್ಣೆ ಚಕ್ರದವರೆಗೆ ಇಳಿದಿತ್ತು. ರೋಶನ್ ಓಡಿ ಬಂದು ತಬ್ಬಿಕೊಂಡ, ಸೂಟ್‌ಕೇಸ್ ಎಳೆದುಕೊಂಡು ಮೆಟ್ರೋ ಕಡೆ ನಡೆದ.

ಆ ರೈಲಿಗೆ ಡ್ರೈವರ್ ಇಲ್ಲ ಮಾರಾಯ್ರೇ! ನಮ್ಮ ಸಿಟಿ ಬಸ್ಸಿನಲ್ಲಿ ಡ್ರೈವರನ ಬೈಗುಳ, ಕಂಡಕ್ಟರನ ಸೀಟಿ ಎರಡೂ ಇಲ್ಲದೆ ಗಾಡಿ ಮುಂದೆ ಹೋಗುವುದಿಲ್ಲ. ಇಲ್ಲಿ ಯಾರೂ ಇಲ್ಲದೆ ಬಾಗಿಲು ತಾನೇ ಮುಚ್ಚಿತು, ರೈಲು ತಾನೇ ಕತ್ತಲೆಗೆ ಹೊಕ್ಕಿತು. ನನ್ನ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಎದುರಿನ ಇಬ್ಬರೂ ಎದ್ದರು. ಸ್ವಲ್ಪ ಹೊತ್ತಿಗೆ ಆ ಡಬ್ಬಿಯ ತುದಿಯಲ್ಲಿ ನಾವಿಬ್ಬರೇ. ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ರೋಶನ್ ಮಾತ್ರ ಆ ಸೂಟ್‌ಕೇಸಿನ ಮೇಲೆ ಮೊಣಕೈ ಊರಿ ಆರಾಮಾಗಿ ನಗುತ್ತಿದ್ದ. ಮೊದಲೆಲ್ಲ ಊರಿಗೆ ಬಂದಾಗ ನನ್ನನ್ನು ತಬ್ಬಿದ ಕೂಡಲೇ "ಥೂ, ಹಿಂಗಿನ ಡಬ್ಬಿ" ಎಂದು ಕೆಣಕುತ್ತಿದ್ದವನು ಅವತ್ತು ಒಂದೂ ಹೇಳಲಿಲ್ಲ. ಪ್ರಾಯ ಆಯಿತು, ಮರ್ಯಾದೆ ಕಲಿತಿದ್ದಾನೆ ಅಂದುಕೊಂಡೆ.

ಅಲ್ ವಕ್ರಾದಲ್ಲಿ ಅವನ ಫ್ಲ್ಯಾಟ್. ಜೊತೆಗಿದ್ದವರು ರಜೆಯಲ್ಲಿ ಊರಿಗೆ ಹೋಗಿದ್ದರು. ಬಾಗಿಲು ತೆರೆದು, "ಕೂತ್ಕೋ ಅಕ್ಕ, ಚಾ ಇಡ್ತೇನೆ" ಎಂದು ಅಡುಗೆಮನೆಗೆ ಹೋದ. ನಾನು ಹೊಸ್ತಿಲಲ್ಲೇ ನಿಂತೆ. ಮನೆ ತುಂಬ ಗ್ಯಾಸ್. ಸುಮ್ಮನೆ ಸ್ವಲ್ಪ ಅಲ್ಲ, ಕಣ್ಣಲ್ಲಿ ನೀರು ಬರುವಷ್ಟು. ಅವನು ಒಲೆಯ ಮುಂದೆ ನಿಂತು ಲೈಟರ್ ಕೈಗೆತ್ತಿಕೊಂಡಿದ್ದ. ನಾನು ಹೇಗೆ ಓಡಿದೆನೋ ಏನೋ, ಅವನ ಕೈಗೆ ಒಂದು ಹೊಡೆದೆ, ಲೈಟರ್ ಸಿಂಕಿಗೆ ಬಿತ್ತು.

"ನಿಂಗೆ ತಲೆ ಸರಿ ಉಂಟಾ? ಗ್ಯಾಸ್ ಗೊತ್ತಾಗುದಿಲ್ವಾ?"

ಅವನು ಒಲೆಯ ಗುಬುಟನ್ನೇ ನೋಡುತ್ತಿದ್ದ. ಅದು ಅರ್ಧ ತಿರುಗಿತ್ತು. ಬೆಳಿಗ್ಗೆಯಿಂದ ಹಾಗೇ ಇದ್ದಿರಬೇಕು. ಬಾಲ್ಕನಿಯ ಬಾಗಿಲು ತೆರೆದು ಅವನನ್ನು ಹೊರಗೆಳೆದೆ. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು.

"ಗೊತ್ತಾಗುದಿಲ್ಲ," ಎಂದ. "ಆ ಜ್ವರ ಬಂದ ಮೇಲೆ ನನ್ನ ಮೂಗು ಸತ್ತಿದೆ ಅಕ್ಕ. ಯಾವ ವಾಸನೆಯೂ ಇಲ್ಲ."

ವೈನ್ ಮೂಸಿ ಬದುಕುವವನಿಗೆ ಮೂಗಿಲ್ಲ! ಇಷ್ಟು ವರ್ಷ ಹೇಗೆ ನಡೆಸಿದೆ ಎಂದು ಕೇಳಿದೆ. ಪ್ರತಿಯೊಂದು ಬಾಟಲಿಯ ವಾಸನೆಯನ್ನೂ ಮೊದಲಿನ ನೆನಪಿನಿಂದ ಬಾಯಿಪಾಠ ಒಪ್ಪಿಸುತ್ತಿದ್ದನಂತೆ. ಬಾಟಲಿ ಕೆಟ್ಟಿದೆಯಾ ಎಂದು ನೋಡಲು ಜೊತೆಗೆ ಕೆಲಸ ಮಾಡುವ ಫಿಲಿಪಿನೋ ಹುಡುಗಿ ಇದ್ದಳು, ಅವಳೊಬ್ಬಳಿಗೆ ಗೊತ್ತು. ಅವಳು ಹೆರಿಗೆಗೆ ಊರಿಗೆ ಹೋಗಿದ್ದಾಳೆ. ಮುಂದಿನ ಭಾನುವಾರ ಇಟಲಿಯಿಂದ ಒಬ್ಬ ಅಮ್ಮ ಬರುತ್ತಾರೆ, ಒಂದು ಹೆಸರಾಂತ ಕೆಂಪು ವೈನಿನ ಮನೆತನದವರು. ಅವರ ಗೌರವಕ್ಕೆ ಊಟ, ಅವರದೇ ವೈನು, ಬಡಿಸುವವನು ರೋಶನ್. ಕೆಟ್ಟ ಬಾಟಲಿಯನ್ನು ಅವರ ಮುಂದೆಯೇ ಸುರಿದರೆ ಗುಟ್ಟು ರಟ್ಟಾಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕು.

"ಅಂದ್ರೆ ನನ್ನನ್ನು ಕರೆಸಿದ್ದು ಮೂಗಿಗೆ!" ಎಂದೆ. ಸಿಟ್ಟು ನೆತ್ತಿಗೇರಿತ್ತು.

"ಮೂಗಿಗೂ," ಎಂದ ಅವನು.

ಮೆಸಯೀದ್ ದಾರಿ

ಶುಕ್ರವಾರ ಹಮೀದ್ ಕಾರು ತಂದ. ಉಳ್ಳಾಲದವನು, ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಟೆಕ್ನಿಶಿಯನ್, ರೋಶನನ ಹಳೇ ದೋಸ್ತ್. "ಯಲ್ಲಾ, ಹೊರಡುವ ಅಕ್ಕ, ಹಾಡುವ ಮರಳು ತೋರಿಸ್ತೇನೆ" ಎಂದು ನಮ್ಮನ್ನು ಎಬ್ಬಿಸಿಕೊಂಡು ಹೊರಟ. ಧೂಳು ಇನ್ನೂ ಇಳಿದಿರಲಿಲ್ಲ. ಎಷ್ಟು ಹೋದರೂ ದಾರಿಯಲ್ಲಿ ಒಂದು ಮರ, ಒಂದು ನಾಯಿ, ಒಂದು ಗೂಡಂಗಡಿ ಇಲ್ಲ. ನಮ್ಮಲ್ಲಿ ಐದು ನಿಮಿಷ ಹೋದರೆ ಮೀನು, ಮಲ್ಲಿಗೆ, ಚರಂಡಿ, ಗೋಳಿಬಜೆ ಎಂದು ಮೂಗಿಗೆ ಬಿಡುವೇ ಇರುವುದಿಲ್ಲ. ಅಲ್ಲಿ ಕಿಟಕಿ ಇಳಿಸಿ ಉಸಿರೆಳೆದರೆ ಏನೂ ಇಲ್ಲ. ರೋಶನನಿಗೆ ದಿನವೂ ಹೀಗೇ ಇರುತ್ತದಲ್ಲ ಎಂದು ಆಗ ಹೊಳೆಯಿತು, ಕಿಟಕಿ ಏರಿಸಿಬಿಟ್ಟೆ.

ಅವನ ಮೂಗಿನ ವಿಷಯ ಹಮೀದನಿಗೆ ಗೊತ್ತಿರಲಿಲ್ಲ. ಮಾತಿಗೆ ಮಾತು ಬಂದು ಹಮೀದ್ ತನ್ನ ಪ್ಲಾಂಟಿನ ಸುದ್ದಿ ಹೇಳಿದ. "ನಮ್ಮಲ್ಲಿ ಒಂದು ಗ್ಯಾಸ್ ಉಂಟು ಅಕ್ಕ, ಕೊಳೆತ ಮೊಟ್ಟೆ ವಾಸನೆ. ವಾಸನೆ ಬರ್ತಾ ಇದ್ರೆ ಹೆದರ್ಬೇಡಿ, ಬೇಗ ನಡೀರಿ ಅಂತ ಟ್ರೈನಿಂಗಲ್ಲಿ ಹೇಳ್ತಾರೆ. ಅದು ಜಾಸ್ತಿ ಆದ್ರೆ ಮೊದ್ಲು ಮೂಗನ್ನೇ ಕೊಲ್ತದೆ. ವಾಸನೆ ನಿಂತಿತು ಅಂತ ನಾವು ಖುಷಿ ಪಡ್ತೇವೆ ನೋಡಿ, ಆಗ ಖಲಾಸ್."

ಹಿಂದಿನ ಸೀಟಿನಲ್ಲಿ ರೋಶನ್ ಕಿಟಕಿಯ ಕಡೆ ತಿರುಗಿದ.

ಮರಳಿನ ಗುಡ್ಡದ ಮೇಲೆ ಹತ್ತಿ, ಹಮೀದ್ ಹೇಳಿದ ಹಾಗೆ ಕೂತು ಕೆಳಗೆ ಜಾರಿದೆವು. ಐವತ್ತು ದಾಟಿದ ಹೆಂಗಸು ಚೂಡಿದಾರದಲ್ಲಿ ಜಾರುವ ಚಂದ ಹೇಳಬೇಕಾ? ನಗುತ್ತಾ ಅರ್ಧ ಇಳಿದಿದ್ದೆ, ಅಡಿಯಿಂದ ಶಬ್ದ ಬಂತು. ಮರಳಿನ ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಹೂಂ ಎನ್ನುತ್ತಿದ್ದರು. ಒಬ್ಬರಲ್ಲ, ಹಲವರು. ತೊಡೆಯ ಎಲುಬಿನವರೆಗೆ ನಡುಕ ಹತ್ತಿತು. ಇಗರ್ಜಿಯಲ್ಲಿ ಸತ್ತವರ ಪ್ರಾರ್ಥನೆ ಹೇಳುವಾಗ ಹಿಂದಿನ ಬೆಂಚುಗಳಿಂದ ಬರುವ ಗುಂಯ್‌ಗುಡುವಿಕೆ ಅದು. ನಾನು ಕಾಲೂರಿ ನಿಂತೆ. ಶಬ್ದವೂ ನಿಂತಿತು.

"ಮರಳಿಗೆ ಮರಳು ಉಜ್ಜುವುದು, ಬೇರೆಂತ ಇಲ್ಲ" ಎಂದ ಹಮೀದ್. ಹಾಗೆ ಹೇಳಿದವನೇ ಮೊದಲು ಕಾರು ಹತ್ತಿ ಕೂತ.

ಹೋಟೆಲು, ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ

ನಮ್ಮಲ್ಲಿ ಬಸ್‌ಸ್ಟ್ಯಾಂಡಿನ ಎದುರೇ ವೈನ್ ಶಾಪ್ ಇರುತ್ತದೆ, ಅಲ್ಲಿ ವೈನ್ ಒಂದು ಬಿಟ್ಟು ಬೇರೆಲ್ಲ ಸಿಗುತ್ತದೆ. ದೋಹಾದ ಬೀದಿಯಲ್ಲಿ ಅಂಥ ಬೋರ್ಡೇ ಇಲ್ಲ. ಹೋಟೆಲಿನ ಆ ಭಾಗಕ್ಕೆ ಹೋಗಲು ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕಾಯಿತು. ಊಟದ ಕೋಣೆ ಖಾಲಿ ಇತ್ತು. ಅದರ ಹಿಂದೆ ಗಾಜಿನ ಗೋಡೆಯ ಒಂದು ತಣ್ಣನೆ ಕೋಣೆ, ಕಿಟಕಿ ಇಲ್ಲ. ನೂರಾರು ಬಾಟಲಿಗಳು ತಲೆ ಒಂದೇ ದಿಕ್ಕಿಗೆ ಹಾಕಿ ಮಲಗಿದ್ದವು. ನನ್ನ ಮೈಮೇಲೆ ಮುಳ್ಳೆದ್ದವು. ಎ.ಸಿ. ಯಂತ್ರದ ಹೂಂಕಾರ ಮೊನ್ನೆಯ ಮರಳಿನದೇ.

ರೋಶನ್ ಎರಡು ಬಾಟಲಿ ಇಳಿಸಿದ. ಇಟಲಿಯ ಬಡಗಣ ಗುಡ್ಡಗಳ ಬಾರ್ಬರೆಸ್ಕೊ ಎಂಬ ಊರಿನದು. ಅಲ್ಲಿ ಹಿಂದೆ ಎಲ್ಲ ಗುಡ್ಡಗಳ ದ್ರಾಕ್ಷಿಯನ್ನೂ ಒಂದೇ ತೊಟ್ಟಿಗೆ ಸುರಿಯುತ್ತಿದ್ದರಂತೆ. ಈ ಅಮ್ಮನ ಅಜ್ಜ ಒಂದೇ ಒಂದು ಇಳಿಜಾರಿನ ಹಣ್ಣನ್ನು ಬೇರೆ ತೆಗೆದಿಟ್ಟ. ಊರು ನಕ್ಕಿತು. ಆ ತುಂಡು ನೆಲದ ಹೆಸರನ್ನೇ ಬಾಟಲಿಗೆ ಹಾಕಿದ. ಈಗ ಅದಕ್ಕಾಗಿ ಲೋಕದವರೆಲ್ಲ ಸಾಲು ನಿಲ್ಲುತ್ತಾರೆ. ಇದನ್ನೆಲ್ಲ ರೋಶನ್ ಜ್ಞಾನೋಪದೇಶದ ಪಾಠ ಒಪ್ಪಿಸುವ ಹಾಗೆ ಹೇಳಿದ.

"ವಾಸನೆ ಹೇಗಿರಬೇಕು?" ಎಂದೆ.

"ಹೇಳುದಿಲ್ಲ. ಹೇಳಿದ್ರೆ ನಿನ್ನ ಮೂಗು ಅದನ್ನೇ ಹುಡುಕ್ತದೆ. ಕೆಟ್ಟದ್ದಾದ್ರೆ ಒದ್ದೆ ರಟ್ಟಿನ ವಾಸನೆ ಬರ್ತದೆ, ಅಷ್ಟು ನೆನಪಿಟ್ಕೋ."

ಮೊದಲನೇ ಬಾಟಲಿಯದನ್ನು ಗ್ಲಾಸಿಗೆ ಸ್ವಲ್ಪ ಹಾಕಿ ಕೊಟ್ಟ. ಬಣ್ಣ ನೀರು ನೀರಾದ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಮೂಗನ್ನು ಒಳಗೆ ಇಳಿಸಿದೆ.

ಡಾಮರು.

ಪಪ್ಪನನ್ನು ತರುವ ದಿನ ಇಗರ್ಜಿಯ ರಸ್ತೆಗೆ ಡಾಮರು ಹಾಕುತ್ತಿದ್ದರು. ಗೇಟಿನ ಬದಿಯಲ್ಲೇ ಡ್ರಮ್ಮಿನಲ್ಲಿ ಕುದಿಯುತ್ತಿತ್ತು. ನಾನೂ ಮಮ್ಮಿಯೂ ಅಲ್ಲಿ ಅರ್ಧ ಗಂಟೆ ಕಾದಿದ್ದೆವು. ಬರೀ ಡಾಮರು, ಡಾಮರು. ಗಾಡಿ ಮುಂದೆ ಬರುವಂತಿರಲಿಲ್ಲ, ಕೊನೆಯ ತಿರುವಿನಿಂದ ಪೆಟ್ಟಿಗೆಯನ್ನು ಹೊತ್ತು ತಂದರು. ಪೆಟ್ಟಿಗೆ ಹತ್ತಿರ ಬಂದ ಹಾಗೆ ಅದರ ಮೇಲಿನ ಗುಲಾಬಿಯ ವಾಸನೆ ಡಾಮರಿನೊಳಗಿಂದ ಎದ್ದು ಬಂತು. ಹೊತ್ತವರ ಚಪ್ಪಲಿ ಅಂಟಿ ಅಂಟಿ ಬಿಡುತ್ತಿತ್ತು. ಎಸಳುಗಳು ಉದುರಿ ಡಾಮರಿಗೆ ಅಂಟಿಕೊಂಡವು, ಎಷ್ಟೋ ವಾರ ರಸ್ತೆಯಲ್ಲೇ ಇದ್ದವು.

ಗ್ಲಾಸಿನಲ್ಲಿ ಈಗ ಗುಲಾಬಿಯೂ ಬಂದಿತ್ತು. ಅದೇ ಕ್ರಮದಲ್ಲಿ, ಡಾಮರಿನ ಹಿಂದೆ. ಬೆನ್ನ ಹಿಂದೆ ಜನ ಬಂದು ನಿಂತ ಹಾಗೆ ಅನ್ನಿಸಿತು. ಯೇಸುವೇ! ತಿರುಗಿ ನೋಡುವ ಧೈರ್ಯ ಬರಲಿಲ್ಲ. ಗ್ಲಾಸನ್ನು ಮೇಜಿಗೆ ಕುಕ್ಕಿದೆ.

"ಎಂತ? ಒದ್ದೆ ರಟ್ಟಾ?" ಎಂದ ರೋಶನ್.

"ಇದು ಬೇಡ. ಸರಿ ಇಲ್ಲ."

"ಹೇಗೆ ಸರಿ ಇಲ್ಲ? ಹೇಳು."

ಅವನು ಬರಲಾಗದೆ ಹೋದ ಸಾವನ್ನು ಅವನ ಮುಂದೆ ಹೇಗೆ ತೆಗೆಯಲಿ? "ಕೇಳ್ಬೇಡ ಮಾರಾಯ. ಇನ್ನೊಂದು ಕೊಡು," ಎಂದೆ.

ಎರಡನೆಯದನ್ನು ಮೂಸಿದ ಕೂಡಲೇ ಜೀವ ತಣ್ಣಗಾಯಿತು. ಮೆಟ್ಟಿಲ ಕೆಳಗಿನ ಕತ್ತಲೆ, ಭರಣಿ, ಒಣಗದ ಬಟ್ಟೆ. "ರೋಶನ್, ಇದು ಪಪ್ಪನ ಮುಂಡಿನ ತುಂಡು! ಭಾನುವಾರ ನಾವು ಮೂಸ್ತಿದ್ದೆವಲ್ಲ, ಅದೇ, ಅದೇ! ಇದು ಒಳ್ಳೆದುಂಟು."

ಅವನ ಮುಖ ಅರಳಿದ್ದನ್ನು ಎಷ್ಟು ವರ್ಷದ ಮೇಲೆ ನೋಡಿದೆ. ತಾನೂ ಗ್ಲಾಸಿಗೆ ಮೂಗು ಹಾಕಿ ಕಣ್ಣು ಮುಚ್ಚಿ ನಿಂತ. ಮೊದಲನೆಯದಕ್ಕೆ ಬಿರಡೆ ಒತ್ತಿ ಪಕ್ಕದ ಕಪಾಟಿನ ಮೇಲೆ ಸರಿಸಿಟ್ಟ.

ಹೋಟೆಲು, ಸಂಜೆ

ಊಟಕ್ಕೆ ಹತ್ತು ಜನ. ನನ್ನನ್ನು ಮೂಲೆಯ ಸಣ್ಣ ಮೇಜಿನಲ್ಲಿ ಲಿಂಬೆ ಶರಬತ್ತಿನ ಜೊತೆ ಕೂರಿಸಿದ್ದ. ಇಟಲಿಯ ಅಮ್ಮನ ಹೆಸರು ಕ್ಲಾರಾ. ಎಪ್ಪತ್ತರ ಮೇಲೆ, ಕಡ್ಡಿ ಮೈ, ನಮ್ಮ ಮೀನು ಮಾರುವ ಹೆಂಗಸರ ಹಾಗೆ ದಪ್ಪ ಗೆಣ್ಣಿನ ಕೈಗಳು. ರೋಶನ್ ಎಲ್ಲರಿಗೂ ಬಡಿಸಿ, ಕೈ ಹಿಂದೆ ಕಟ್ಟಿ ಇಂಗ್ಲಿಷಿನಲ್ಲಿ ಶುರು ಮಾಡಿದ. "ಈ ಇಳಿಜಾರಿನ ಗುರುತೇ ಎರಡು ವಾಸನೆ. ಮೊದಲು ಡಾಮರು. ಆಮೇಲೆ, ಅದರ ಹಿಂದಿನಿಂದ, ಗುಲಾಬಿ."

ನನ್ನ ಕೈಯ ಶರಬತ್ತು ಚೆಲ್ಲಿತು.

ಮೇಜಿನ ಸುತ್ತ ಕೂತವರೆಲ್ಲ ಮೂಸಿದರು. ಒಬ್ಬ ಸೂಟಿನವನು "ಹೌದು, ಗುಲಾಬಿ" ಎಂದ. ಪಕ್ಕದವಳು "ಡಾಮರು, ಎಷ್ಟು ಸ್ಪಷ್ಟ" ಎಂದಳು. ಒಬ್ಬೊಬ್ಬರಾಗಿ ತಲೆಯಾಡಿಸುತ್ತಾ ಬಂದರು. ಆ ಗ್ಲಾಸುಗಳಲ್ಲಿ ಇಲ್ಲದ್ದನ್ನು ಒಂಬತ್ತು ಜನ ಮೂಸುತ್ತಿದ್ದರು. ನನಗೆ ಮರಳುಗುಡ್ಡದಲ್ಲೂ ಅಷ್ಟು ಹೆದರಿಕೆಯಾಗಿರಲಿಲ್ಲ. ಕ್ಲಾರಾ ಮಾತ್ರ ಗ್ಲಾಸನ್ನು ಕೆಳಗಿಟ್ಟು ರೋಶನನನ್ನೇ ನೋಡುತ್ತಿದ್ದರು.

"ನಿಮಗೆ ಗುಲಾಬಿ ಬರುತ್ತಿದೆಯಾ?" ಎಂದು ಮೆಲ್ಲಗೆ ಕೇಳಿದರು.

ಅವನು ನನ್ನ ಮೂಲೆಯ ಕಡೆ ತಿರುಗಿದ. ನಾನು ಎದ್ದೆ. ನನ್ನ ಇಂಗ್ಲಿಷೋ ದೇವರಿಗೇ ಪ್ರೀತಿ. "ಮೇಡಂ, ತಪ್ಪು ನನ್ನದು. ಒಳ್ಳೆ ಬಾಟಲಿ ಅಲ್ಲಿ ಕಪಾಟಿನ ಮೇಲುಂಟು. ಆರಿಸಿದ್ದು ನಾನು." ಮ್ಯಾನೇಜರ್ ನನ್ನ ಕಡೆ ಬರತೊಡಗಿದ. ಅಷ್ಟರಲ್ಲಿ ರೋಶನ್ ಹೇಳಿಬಿಟ್ಟ. "ನನಗೆ ವಾಸನೆ ಬರುವುದಿಲ್ಲ ಮೇಡಂ. ತುಂಬ ವರ್ಷ ಆಯಿತು. ಇವಳು ನನ್ನ ಅಕ್ಕ."

ಅವನೇ ಹೋಗಿ ಆ ಬಾಟಲಿ ತಂದು, ಬೇರೆ ಗ್ಲಾಸಿಗೆ ಸುರಿದು ಕ್ಲಾರಾ ಮುಂದೆ ಇಟ್ಟ. ಅವರು ಒಮ್ಮೆ ಮೂಸಿ ಕಣ್ಣು ಮುಚ್ಚಿದರು. ಆಮೇಲೆ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಇದು ಬೇಡ ಎಂದು ನಿಮಗೆ ಯಾಕೆ ಅನ್ನಿಸಿತು?" ಎಂದರು.

"ಇದರಲ್ಲಿ ನಮ್ಮ ಅಪ್ಪನನ್ನು ಮಣ್ಣು ಮಾಡಿದ ದಿನ ಉಂಟು," ಎಂದೆ.

ಹೇಳಿದೆ. ಗೇಟು, ಡ್ರಮ್ಮು, ಅಂಟಿದ ಚಪ್ಪಲಿಗಳು, ಎಸಳು, ಎಲ್ಲ. ಹೇಳುತ್ತಿದ್ದದ್ದು ಕ್ಲಾರಾಗೆ, ಕೇಳುತ್ತಿದ್ದವನು ಹಿಂದೆ ಬಾಟಲಿ ಹಿಡಿದು ನಿಂತ ರೋಶನ್. ಅವನು ಅಳುತ್ತಿದ್ದ, ಒರೆಸಿಕೊಳ್ಳಲೂ ಇಲ್ಲ.

ಕ್ಲಾರಾ ನಗಲಿಲ್ಲ. "ನಮ್ಮಜ್ಜ ಆ ಇಳಿಜಾರನ್ನು ಆರಿಸಿದ್ದು ಚಳಿಗಾಲದಲ್ಲಿ," ಎಂದರು. "ಇಡೀ ಗುಡ್ಡ ಬೆಳ್ಳಗಿರುವಾಗ ಆ ತುಂಡಿನ ಹಿಮ ಮೊದಲು ಕರಗುತ್ತಿತ್ತು. ನಡುವೆ ಒಂದು ಕಪ್ಪು ಜಾಗ. ಬಿಸಿಲು ಜಾಸ್ತಿ ಬೀಳುತ್ತದೆ, ಅದಕ್ಕೆ ಎಂದರು ಅಜ್ಜ. ಕೆಳಗೆ ಯಾರೋ ಬೆಚ್ಚಗೆ ಮಲಗಿದ್ದಾರೆ ಎಂದಳು ಅಜ್ಜಿ. ಸಾಯುವವರೆಗೂ ಅವಳು ಅಲ್ಲಿಗೆ ಒಬ್ಬಳೇ ಹೋಗಲಿಲ್ಲ. ನಮ್ಮ ದಾರಿ ಮಣ್ಣಿನದು, ಡಾಮರು ಹಾಕಿದವರಿಲ್ಲ. ಒಂದು ಗುಲಾಬಿ ಗಿಡವೂ ಇಲ್ಲ. ಇವೆರಡು ಎಲ್ಲಿಂದ ಬರುತ್ತವೆ ಎಂದು ನನಗೂ ಗೊತ್ತಿಲ್ಲ."

ಮರುದಿನ ರೋಶನನನ್ನು ಮ್ಯಾನೇಜರ್ ಕರೆದ. ಕ್ಲಾರಾ ಏನು ಹೇಳಿ ಹೋದರೋ, ಕೆಲಸದಿಂದ ತೆಗೆಯಲಿಲ್ಲ. ಬಾಟಲಿಯ ಕೆಲಸ ಬಿಡಿಸಿ ಔತಣಗಳ ಬುಕಿಂಗ್ ನೋಡುವ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದ. "ಪಪ್ಪನ ಬಟ್ಟೆ ಅಂತ ನೀನು ಹೇಳಿದಾಗಲೇ ನಂಗೆ ಗೊತ್ತಾಗ್ಬೇಕಿತ್ತು," ಎಂದ ರೋಶನ್. "ಒದ್ದೆ ರಟ್ಟು, ಮುಗ್ಗಿದ ಬಟ್ಟೆ ಎರಡೂ ಒಂದೇ ದೋಷ. ಆದ್ರೆ ನಿನ್ನ ಬಾಯಲ್ಲಿ ಪಪ್ಪನ ಹೆಸರು ಕೇಳಿದ ಮೇಲೆ ನಂಗೆ ಬೇರೆಂತದೂ ಬೇಡ ಅನ್ನಿಸಿತು." ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಬಹಳ ಹೊತ್ತು ಕೈ ಹಿಡಿದುಕೊಂಡಿದ್ದ.

ಮಂಗಳೂರು

ನವೆಂಬರಿನಲ್ಲಿ ಒಂದು ಭಾನುವಾರ ನಾನು ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆ. ಪಪ್ಪನ ಮುಂಡಿನ ಕೊನೆಯ ತುಂಡು ಅದು. ಫೋನ್ ಬಂತು. ರೋಶನ್.

"ಅಕ್ಕ, ವಾಸನೆ ಬರ್ತಾ ಉಂಟು."

"ಎಂತದ್ದು? ಗ್ಯಾಸಾ? ಹೊರಗೆ ಓಡು!"

"ಅಲ್ಲ. ಡಾಮರು. ಕೆಳಗೆ ಹೋಗಿ ಬೀದಿಯೆಲ್ಲ ನೋಡಿ ಬಂದೆ, ಎಲ್ಲೂ ರಸ್ತೆ ಕೆಲಸ ಇಲ್ಲ. ಪಕ್ಕದ ಮನೆಯವರಿಗೆ ಬರುದಿಲ್ಲಂತೆ. ನಂಗೆ ಮಾತ್ರ ಬರ್ತಾ ಉಂಟು, ಜೋರಾಗಿ."

ನನ್ನ ಕೈ ಬಟ್ಟೆಯ ಗಂಟಿನ ಮೇಲೆ ಹಾಗೇ ನಿಂತಿತು. "ಗುಲಾಬಿ?"

"ಇಲ್ಲ. ಡಾಮರು ಮಾತ್ರ."

"ಗುಲಾಬಿ ಆಮೇಲೆ," ಎಂದೆ. "ಪಪ್ಪ ಇನ್ನೂ ದಾರಿಯಲ್ಲಿದ್ದಾರೆ. ನೀನು ಬಾಗಿಲ ಹತ್ತಿರ ನಿಂತಿರು."

ಅವನು ಸರಿ ಎಂದ. ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಇಬ್ಬರೂ ಫೋನು ಇಡಲಿಲ್ಲ.